ಎತ್ತರದ ಹಳೆಯ ಲಾರಿಯನ್ನು ಮನೆಯ ಗ್ಯಾರೇಜಿಗೆ ಸೇರಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಒಹಾಯೊದಲ್ಲಿರುವ ನಮ್ಮ ಗ್ಯಾರೇಜಿನ ಬಾಗಿಲು, ಅಲ್ಲಿನ ಬಹುತೇಕ ಮನೆಗಳಲ್ಲಿರುವಂತೆ, 7 ಅಡಿ ಎತ್ತರವಿದೆ. 1926ರ ಫೋರ್ಡ್ ಮಾಡೆಲ್ ಟಿಟಿ ಲಾರಿಗೆ ಹಿಂದಿನ ಮಾಲೀಕರು ಕಟ್ಟಿಸಿದ ಮರದ ಚಾವಣಿ ಅದಕ್ಕಿಂತ ಎರಡು ಅಂಗುಲ ಎತ್ತರವಾಗಿದೆ. ಚಾವಣಿ ಕತ್ತರಿಸಲು ನನಗೆ ಮನಸ್ಸಿಲ್ಲ. ಬೇರೆ ದಾರಿಯಿದೆಯೇ?

ಉತ್ತರ 1: ಬಾಗಿಲು ಪೂರ್ತಿ ತೆರೆದಾಗಲೂ ಅದರ ಕೆಳ ಅಂಚು ಸ್ವಲ್ಪ ಇಳಿದೇ ಇರಬಹುದಾದ್ದರಿಂದ ಮೊದಲು ಅದನ್ನು ಅಳೆಯಿರಿ. ಅಂಗಳ ಗ್ಯಾರೇಜಿನ ಕಡೆಗೆ ಇಳಿಜಾರಾಗಿದ್ದರೆ, ಮುಂದಿನ ಚಕ್ರಗಳು ಒಳಗೆ ಬಂದು ಹಿಂದಿನವು ಹೊರಗಿರುವಾಗ ಚಾವಣಿ ಇನ್ನಷ್ಟು ಮೇಲೇಳುತ್ತದೆ. ಟೈರಿನ ಗಾಳಿ ಬಿಟ್ಟು ದೂಡುವುದನ್ನು ನಾನು ಒಪ್ಪುವುದಿಲ್ಲ, ಟೈರಿನ ಅಂಚು ಹಾಳಾಗುತ್ತದೆ. ಚಕ್ರ ಬಿಚ್ಚಿ, ಅಚ್ಚುಗಳನ್ನು ಗಟ್ಟಿಯಾದ ತಗ್ಗು ತಳ್ಳುಬಂಡಿಗಳ ಮೇಲೆ ಕೂರಿಸಿ.

ಉತ್ತರ 2: ಹಿಂದಿನ ಚಕ್ರ ಬಿಚ್ಚಿದರೆ ಕೈಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಕೈಯಿಂದ ತಿರುಗಿಸುವ ವಿಂಚಿನಿಂದ ನಿಧಾನವಾಗಿ ಎಳೆಯುತ್ತಾ, ಒಬ್ಬರು ತಳ್ಳುಬಂಡಿಯ ಹಿಂದೆ ಪಕ್ಕದಿಂದಲೇ ಮರದ ಅಡೆ ಇಡುತ್ತಿರಲಿ. ಲಾರಿಯ ಹಿಂದೆ ಯಾರೂ ನಿಲ್ಲಬಾರದು.