ಲೈಬ್ರರಿ ಪೀರಿಯಡ್‌ನಲ್ಲಿ ಮಕ್ಕಳಿಂದ ಏನೇನು ಮಾಡಿಸ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಪ್ರಾಥಮಿಕ ಶಾಲೆಯ ಲೈಬ್ರರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ಒಂದರಿಂದ ಐದನೇ ತರಗತಿವರೆಗೆ, ಪ್ರತಿ ತರಗತಿಗೂ ವಾರಕ್ಕೊಂದು ಪೀರಿಯಡ್. ಪುಸ್ತಕಕ್ಕೆ ಕೊರತೆಯಿಲ್ಲ. ಮಕ್ಕಳು ಬರ್ತಾರೆ, ಪುಟ ತಿರುವುತ್ತಾರೆ, ಗಲಾಟೆ ಮಾಡಿ ಹೋಗ್ತಾರೆ. ಓದಿದ್ದಕ್ಕೆಲ್ಲ ಸಾರಾಂಶ ಬರೆಸಿ, ಹೆಚ್ಚು ಓದಿದವರಿಗೆ ಬಹುಮಾನ ಇಡಿ ಅಂತ ಕೆಲವರ ಸಲಹೆ. ನನಗ್ಯಾಕೋ ಒಪ್ಪಿಗೆಯಾಗ್ತಿಲ್ಲ. ನೀವೆಲ್ಲ ಏನು ಮಾಡ್ತೀರಿ?

ಒಬ್ಬ ಗ್ರಂಥಪಾಲಕಿ: ಸಾರಾಂಶ ಬೇಡ ಮೇಡಂ. ಪುಸ್ತಕ ಮುಗಿದ ಕೂಡಲೇ ಬರೆಯೋ ಕೆಲಸ ಕಾದಿದೆ ಅಂತ ಗೊತ್ತಾದರೆ ಮಕ್ಕಳು ತೆಳ್ಳಗಿನ ಪುಸ್ತಕವನ್ನೇ ಹುಡುಕ್ತಾರೆ, ಅದೂ ಸ್ನೇಹಿತ ಈಗಾಗಲೇ ಬರೆದಿರೋ ಪುಸ್ತಕವನ್ನ.

ನಾನು ಪೀರಿಯಡ್ ಶುರು ಮಾಡೋದೇ ಗಟ್ಟಿಯಾಗಿ ಓದಿ ಹೇಳೋದರಿಂದ, ಸುಮಾರು ಹತ್ತು ನಿಮಿಷ. ಇದು ಪುಟ್ಟ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. ಈ ವಯಸ್ಸಿನವರು ತಾವೇ ಓದಿ ತಿಳಿಯೋದಕ್ಕಿಂತ ಹೆಚ್ಚಿನದನ್ನ ಕೇಳಿ ತಿಳಿಯಬಲ್ಲರು, ಐದನೇ ತರಗತಿಯವರೂ ಅಷ್ಟೇ. ಹಾಗಾಗಿ ಅವರ ಓದಿಗೆ ಇನ್ನೂ ಎಟುಕದ ಕತೆಯನ್ನೂ ಧೈರ್ಯವಾಗಿ ತಗೋಬಹುದು. ಹಿಂದಿನ ದಿನವೇ ಒಮ್ಮೆ ಓದಿಕೊಂಡಿರಿ. ಎಲ್ಲಿ ನಿಲ್ಲಿಸಬೇಕು, ಯಾರಿಗೆ ಯಾವ ದನಿ ಕೊಡಬೇಕು ಅನ್ನೋದು ಗೊತ್ತಿದ್ದರೆ ಕಣ್ಣು ಮಕ್ಕಳ ಮೇಲಿರುತ್ತೆ. ಚಿತ್ರಪುಸ್ತಕವಾದರೆ ಅವರ ಕಡೆ ತಿರುಗಿಸಿ ಹಿಡಿದು, ಚಿತ್ರ ನೋಡೋಕೆ ಬಿಡಬೇಕು. ಪ್ರಶ್ನೆ ಒಂದೋ ಎರಡೋ ಸಾಕು, "ಮುಂದೇನಾಗಬಹುದು?" ಅನ್ನೋ ಥರದ್ದು. "ಈ ಕತೆಯ ನೀತಿ ಏನು?" ಅಂತ ಮಾತ್ರ ಕೇಳಬೇಡಿ, ಕತೆ ಅಲ್ಲೇ ಪಾಠವಾಗಿಬಿಡುತ್ತೆ!

ಕೆಲವೊಮ್ಮೆ ಬೇಕಂತಲೇ ಕುತೂಹಲದ ಜಾಗದಲ್ಲಿ ನಿಲ್ಲಿಸಿ ಪುಸ್ತಕ ಮೇಜಿನ ಮೇಲಿಡ್ತೀನಿ. ಪೀರಿಯಡ್ ಮುಗಿಯೋದರೊಳಗೆ ಅದು ಯಾರದೋ ಚೀಲ ಸೇರಿರುತ್ತೆ.

ಎರಡನೇ ತರಗತಿಯ ಟೀಚರ್: ಪುಟ ತಿರುವೋದನ್ನ ಗಲಾಟೆಯ ಲೆಕ್ಕಕ್ಕೆ ಸೇರಿಸಬೇಡಿ, ಆರಿಸೋದು ಹಾಗೇ ಅಲ್ವಾ? ಅದಕ್ಕೆ ಐದು ಬೆರಳಿನ ಉಪಾಯ ಹೇಳಿಕೊಡಿ. ಯಾವುದಾದರೂ ಒಂದು ಪುಟ ತೆಗೆದು ಓದೋದು, ಗೊತ್ತಿಲ್ಲದ ಪದ ಸಿಕ್ಕಾಗಲೆಲ್ಲ ಒಂದೊಂದು ಬೆರಳು ಮಡಚೋದು. ಐದೂ ಮಡಚಿದರೆ ಸದ್ಯಕ್ಕೆ ಕಷ್ಟದ ಪುಸ್ತಕ. ಹಾಗಂತ ಕಿತ್ತುಕೊಳ್ಳಬೇಡಿ, ಡೈನೋಸಾರ್ ಹುಚ್ಚಿರೋ ಮಗು ಹತ್ತು ಬೆರಳು ಮಡಚಿದರೂ ಬಿಡೋದಿಲ್ಲ. ಇನ್ನೊಂದು, ಕಪಾಟಿನಲ್ಲಿ ಬರೀ ಪುಸ್ತಕದ ಬೆನ್ನು ಕಂಡರೆ ಚಿಕ್ಕವರಿಗೆ ಏನೂ ತಿಳಿಯಲ್ಲ. ಒಂದು ಸಾಲಾದರೂ ಮುಖಪುಟ ಕಾಣೋ ಹಾಗೆ ಇಟ್ಟು, ವಾರಕ್ಕೊಮ್ಮೆ ಬದಲಿಸಿ.

ನಾಲ್ಕು-ಐದನೇ ತರಗತಿ ತಗೊಳ್ಳೋ ಮೇಷ್ಟ್ರು: ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆ ಇದೆ. ದೊಡ್ಡ ಮಕ್ಕಳಿಗೆ ಹುಡುಕೋ ಆಟ ಸೇರಿಸಿ. ಲೈಬ್ರರಿ ಪುಸ್ತಕಗಳನ್ನ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸೋ ಒಂದು ಪದ್ಧತಿ ಇದೆ, ಅಮೆರಿಕದ ಗ್ರಂಥಪಾಲಕ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಅದರಲ್ಲಿ ಖಗೋಳಕ್ಕೆ 520, ಪ್ರಾಣಿಗಳಿಗೆ 590, ಜನಪದ ಕತೆಗಳಿಗೆ 398. ಚೀಟಿಯಲ್ಲಿ ಸಂಖ್ಯೆ ಮತ್ತು ಒಂದು ಪ್ರಶ್ನೆ ಬರೆದು ಇಬ್ಬಿಬ್ಬರಿಗೆ ಕೊಡಿ: "590ಕ್ಕೆ ಹೋಗಿ, ರಾತ್ರಿ ಹೊತ್ತು ಬೇಟೆಯಾಡೋ ಒಂದು ಪ್ರಾಣಿ ಹುಡುಕಿ ತನ್ನಿ." ಉತ್ತರ ಹುಡುಕುತ್ತಾ ಅಲ್ಲೇ ಕೂತು ಓದೋಕೆ ಶುರು ಮಾಡ್ತಾರೆ, ಆಗ ಆಟ ನಿಲ್ಲಿಸಿಬಿಡಿ. ಚಟುವಟಿಕೆ ಮುಗಿಸಲೇಬೇಕು ಅಂತ ಓದೋ ಮಗುವನ್ನ ಎಬ್ಬಿಸೋರನ್ನ ಕಂಡರೆ ನನಗೆ ಸಿಟ್ಟು.

ಬಹುಮಾನದ ಬಗ್ಗೆ: 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸೋ ಆಸೆಯಿದ್ದ ಶಿಶುವಿಹಾರದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಇದೆ. ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ ಅಂತ ಮೊದಲೇ ಹೇಳಿಸಿಕೊಂಡವರು ಆಮೇಲೆ ತಾವಾಗಿ ಬಿಡಿಸೋದನ್ನ ಕಡಿಮೆ ಮಾಡಿದರು. ಮೊದಲೇ ಹೇಳಿಸಿಕೊಳ್ಳದೆ ಪ್ರಶಸ್ತಿಪತ್ರ ಪಡೆದವರಲ್ಲಿ ಹಾಗಾಗಲಿಲ್ಲ. ಅದು ಚಿತ್ರದ ವಿಷಯ, ಓದಿಗೂ ಅಕ್ಷರಶಃ ಅನ್ವಯಿಸುತ್ತೆ ಅಂತ ನಾನು ಹೇಳಲ್ಲ. ಆದರೆ ಎಷ್ಟು ಪುಸ್ತಕ ಅಂತ ಗೋಡೆ ಮೇಲೆ ಪಟ್ಟಿ ಹಾಕಿದರೆ ನಿಧಾನವಾಗಿ ಓದೋ ಮಗುವಿಗೆ ಅವಮಾನವಂತೂ ಖಂಡಿತ.

ಲೈಬ್ರರಿಗೆ ಸಹಾಯ ಮಾಡೋ ಒಬ್ಬ ತಾಯಿ: ದಯವಿಟ್ಟು ಪುಸ್ತಕ ಮನೆಗೆ ಕೊಡಿ. ಹರಿದೀತು ಅಂತ ಬೀಗ ಹಾಕಿಡೋದು ಬೇಡ, 1931ರಷ್ಟು ಹಿಂದೆಯೇ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯದ ಮೊದಲ ಸೂತ್ರವಾಗಿ ಹೇಳಿದ್ದು ಪುಸ್ತಕ ಇರೋದೇ ಬಳಕೆಗೆ ಅಂತ. ಹರಿದದ್ದನ್ನ ಸರಿಮಾಡೋಕೆ ನಾವೊಂದು "ಪುಸ್ತಕದ ಆಸ್ಪತ್ರೆ" ಡಬ್ಬ ಇಟ್ಟಿದ್ದೀವಿ, ಮಕ್ಕಳೇ ಡಾಕ್ಟರು. ಮಾಮೂಲಿ ಸೆಲೋ ಟೇಪ್ ಮಾತ್ರ ಹಚ್ಚಿಸಬೇಡಿ, ಕಾಲಕ್ರಮೇಣ ಹಳದಿಗಟ್ಟಿ ಕಾಗದವನ್ನೇ ಹಾಳು ಮಾಡುತ್ತೆ. ರಿಜಿಸ್ಟರ್ ಬರೆಯೋದೂ ಮಕ್ಕಳೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದೇ ಕೇಳ್ತೀನಿ. ಐದನೇ ತರಗತಿಗೆ ಬಂದರೂ ತಡವರಿಸಿ ಓದೋ ಕೆಲವರಿದ್ದಾರೆ. ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ನಾಚಿಕೊಂಡು ಮುಟ್ಟೋದಿಲ್ಲ.

ಗ್ರಂಥಪಾಲಕಿ: ಅವರನ್ನ ಒಂದನೇ ತರಗತಿಗೆ ಕತೆ ಓದೋಕೆ ಕಳಿಸಿ ಮೇಡಂ. ಆಗ ಚಿತ್ರಪುಸ್ತಕ ಹಿಡಿಯೋಕೆ ಗೌರವದ ಕಾರಣ ಸಿಗುತ್ತೆ, ಮನೆಯಲ್ಲಿ ಅದೇ ಪುಟಗಳನ್ನ ಮತ್ತೆ ಮತ್ತೆ ಓದಿ ಅಭ್ಯಾಸ ಮಾಡ್ತಾರೆ. ತಡವರಿಕೆ ಹೋಗೋಕೆ ಬೇಕಾದ್ದೂ ಆ ಮರುಓದೇ. ಪುಸ್ತಕ ಅವರೇ ಆರಿಸಲಿ, ಮೊದಲ ಸಲ ನೀವು ಆ ಕೋಣೆಯಲ್ಲಿ ಇರಬೇಡಿ.