ಅಪ್‌ಡೇಟ್: ಕೊನೆಗೆ ಸೆಸ್ನಾ 172ನ್ನೇ ಆರಿಸಿದೆವು

ಮಗಳ ಪೈಲಟ್ ತರಬೇತಿಗೆ ಸೆಸ್ನಾ ಕಂಪನಿಯ ಸಣ್ಣ ವಿಮಾನಗಳಲ್ಲಿ ಎರಡು ಸೀಟಿನ 152 ಒಳ್ಳೆಯದಾ, ನಾಲ್ಕು ಸೀಟಿನ 172 ಒಳ್ಳೆಯದಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿನಲ್ಲೇ 172ರಲ್ಲಿ ಶುರು ಮಾಡಿದ್ದಾಳೆ.

152ಕ್ಕೆ ಖರ್ಚು ಕಡಿಮೆ, ನಿಜ. ಆದರೆ ಎಂಜಿನ್ 110 ಅಶ್ವಶಕ್ತಿಯದು, ಟೇಕಾಫ್ ತೂಕದ ಮಿತಿ 757 ಕೆಜಿ. ದಪ್ಪಗಿರುವ ಇಬ್ಬರು ಕೂತು ಟ್ಯಾಂಕ್ ತುಂಬಿಸಿದರೆ ಮಿತಿ ದಾಟಿಬಿಡಬಹುದು. ನಮ್ಮೂರು ಬೇರೆ ಸುಮಾರು 3,000 ಅಡಿ ಎತ್ತರದಲ್ಲಿದೆ ಅಲ್ವಾ, ಬೇಸಿಗೆ ಮಧ್ಯಾಹ್ನ ಗಾಳಿ ಇನ್ನೂ ತೆಳು. ಅದರಿಂದ ಸಣ್ಣ ಎಂಜಿನ್‌ನ 152 ಮೇಲೇರುವುದು ನಿಧಾನ.

ನನಗೆ ತುಂಬಾ ಹಿಡಿಸಿದ್ದು ಹಾರುವ ಮುಂಚಿನ ತಪಾಸಣೆ. ರೆಕ್ಕೆಯ ಕೆಳಗಿಂದ ಸಣ್ಣ ಪಾರದರ್ಶಕ ಕಪ್‌ಗೆ ಇಂಧನ ಇಳಿಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಅದರ ಬಣ್ಣ ತಿಳಿನೀಲಿ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ.

ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಸದ್ಯಕ್ಕೆ ಮೊದಲ ಸೋಲೋಗೆ, ಅಂದರೆ ಬೋಧಕರಿಲ್ಲದೆ ಒಬ್ಬಳೇ ಹಾರುವುದಕ್ಕೆ, ತಯಾರಿ ನಡೆದಿದೆ.