65 ಮುಟ್ಟಿಸಿ ಇಳಿಸಿದ ಹಾಲು ಯಾಕೆ ಹುಳಿಯಾಯ್ತು

ಸಕಲೇಶಪುರದ ಅಕ್ಕ, ನಾಲ್ಕು ಲೀಟರ್ ಹಾಲನ್ನ ಪಾಶ್ಚರೈಸ್ ಮಾಡೋಕೆ, ಅಂದ್ರೆ ಉಕ್ಕಿಸದೆ ಹದವಾಗಿ ಕಾಯಿಸಿ ರೋಗದ ಕ್ರಿಮಿ ಕೊಲ್ಲೋಕೆ, 65 ಡಿಗ್ರಿಗೆ ಕಾಯಿಸಿ ಇಳಿಸಿದೆ, ಮುಚ್ಚಿ ಕಟ್ಟೆ ಮೇಲಿಟ್ಟು ರಾತ್ರಿ ಫ್ರಿಜ್ಜಿಗೆ ಹಾಕಿದೆ, ಎರಡೇ ದಿನಕ್ಕೆ ಹುಳಿ ಅಂದ್ರಲ್ಲ. ಕಾಯಿಸಿದ್ದೂ ಸಾಲಲಿಲ್ಲ, ಆರಿಸಿದ್ದೂ ಸರಿ ಇಲ್ಲ. 65 ಮುಟ್ಟಿದ್ರೆ ಆಗಲ್ಲ, 63ಕ್ಕಿಂತ ಕೆಳಗೆ ಇಳೀದಂಗೆ ಪೂರ್ತಿ 30 ನಿಮಿಷ ನಿಲ್ಲಿಸ್ಬೇಕು. ಮಧ್ಯ 62ಕ್ಕೆ ಬಂತಾ, ಮತ್ತೆ ಒಂದರಿಂದ ಎಣಿಸಿ. ಡೈರಿಲಿ 72ಕ್ಕೆ 15 ಸೆಕೆಂಡಲ್ಲಿ ಮುಗಿಸ್ತಾರೆ ನಿಜ, ಅಲ್ಲಿ ಹಾಲು ಪ್ಲೇಟುಗಳ ಸಂದೀಲಿ ತೆಳ್ಳಗೆ ಹರಿಯುತ್ತೆ. ನಮ್ಮ ಪಾತ್ರೇಲಿ ತಳ ಒಂದು ಬಿಸಿ, ಮೇಲೆ ಒಂದು ಬಿಸಿ, ಆ ಲೆಕ್ಕ ಬೇಡ.

ನೇರ ಉರಿ ಮೇಲೆ ಇಡ್ಬೇಡಿ. ದೊಡ್ಡ ಪಾತ್ರೇಲಿ ನೀರು, ತಳಕ್ಕೆ ಕುಕ್ಕರಿನ ತೂತಿನ ತಟ್ಟೆ, ಅದರ ಮೇಲೆ ಹಾಲಿನ ಸ್ಟೀಲ್ ಪಾತ್ರೆ. ಹೊರಗಿನ ನೀರು ಹಾಲಿನ ಮಟ್ಟಕ್ಕಿಂತ ಒಂದು ಬೆರಳು ಮೇಲಿರಲಿ. ಹಾಲಲ್ಲಿಟ್ಟ ಥರ್ಮಾಮೀಟರ್ 60 ತೋರಿಸ್ತಿದ್ದಂಗೆ ಉರಿ ಸಣ್ಣ ಮಾಡಿ, ಸುತ್ತಲ ನೀರೇ ಮಿಕ್ಕಿದ್ದನ್ನ ಏರಿಸುತ್ತೆ. ಕರೆದ ನೊರೆಯನ್ನ ಮೊದಲೇ ತೆಗೀರಿ, ನೊರೆ ಒಳಕ್ಕೆ ಬಿಸಿ ಇಳಿಯಲ್ಲ. ಮುಚ್ಚಳ ಮುಚ್ಚಿ, ಆಗಾಗ ಕೈಯಾಡಿಸಿ.

ಥರ್ಮಾಮೀಟರ್ ಬಗ್ಗೆ ಹುಷಾರು. ಐಸ್ ನೀರಲ್ಲಿ 0 ತೋರಿಸ್ಬೇಕು. ಕುದಿಯೋ ನೀರಲ್ಲಿ 100 ಬರ್ಲಿಲ್ಲ ಅಂತ ಅದನ್ನ ಹೊಂದಿಸೋ ತಿರುಪು ತಿರುಗಿಸ್ಬೇಡಿ, ಸಕಲೇಶಪುರದಂಥ ನಮ್ಮ ಎತ್ತರಕ್ಕೆ ನೀರು ಕುದಿಯೋದೇ 97ರ ಹತ್ತಿರ. 100ಕ್ಕೆ ಕೂರಿಸಿದ್ರೋ, ಅದು 63 ಅಂದಾಗ ಹಾಲು 60ರಲ್ಲೇ ಇರುತ್ತೆ.

ಈಗ ಆರಿಸೋದು, ನಿಮ್ಮ ಹಾಲು ಕೆಟ್ಟಿದ್ದು ಮುಖ್ಯವಾಗಿ ಇಲ್ಲೇ. ಈ ಬಿಸಿಗೆ ರೋಗದ ಕ್ರಿಮಿ ಸಾಯುತ್ತೆ, ಬಿಸಿ ತಡೆಯೋ ಕೆಲವು ಉಳಿಯುತ್ತೆ. ಹಾಲು ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ಅವಕ್ಕೆ ಹಬ್ಬ. ಇಳಿಸಿದ ತಕ್ಷಣ ಪಾತ್ರೆನ ತಣ್ಣೀರಿನ ಟಬ್ಬಲ್ಲಿ ಇಟ್ಟು, ನೀರು ಎರಡು ಸಲ ಬದಲಾಯಿಸಿ, ಮೂರನೇ ಸಲ ಐಸಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ. ಕುದಿನೀರಲ್ಲಿ ಅದ್ದಿದ ಸೌಟಲ್ಲೇ ತಿರುಗಿಸಿ. ಅರ್ಧ ಗಂಟೇಲಿ 10 ಡಿಗ್ರಿಗೆ ಬಂದ್ರೆ ಗೆದ್ದಂಗೆ. ಆಮೇಲೆ ಐದು ನಿಮಿಷ ಕುದಿಸಿದ ಬಾಟ್ಲಿಗೆ ಹಾಕಿ ಫ್ರಿಜ್ಜಿನ ಒಳಗಡೆ, 4 ಡಿಗ್ರಿಗೆ, ಬಾಗಿಲ ಕಡೆ ಬೇಡ. ಹಂಗೆ ಇಟ್ರೆ ನಾಲ್ಕೈದು ದಿನ ಬರುತ್ತೆ.

ಗಿಣ್ಣುಹಾಲಿಗೆ ಇದನ್ನ ಮಾಡ್ಬೇಡಿ, ಒಡ್ಕೊಳ್ಳುತ್ತೆ. ಕೆಚ್ಚಲುಬಾವಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಆಗಿದ್ರೆ, ಡಾಕ್ಟರು ಹೇಳಿದ ಅವಧಿ ಮುಗಿಯೋವರೆಗೆ ಆ ಹಾಲನ್ನ ಬಳಸ್ಲೇಬೇಡಿ, ಕಾಯಿಸಿದ್ರೆ ಔಷಧಿ ಹೋಗಲ್ಲ. ಮತ್ತೆ ಚೀಸಿಗೋ, ಕಾಯಿಸಿದ ವಾಸನೆ ಬೇಡ ಅನ್ನೋ ಗೆಸ್ಟಿಗೋ ಆದ್ರೆ ಇಷ್ಟು ಪಾಡು ಪಡಿ. ಕಾಫಿಗೆ, ಮೊಸರಿಗೆ ಸುಮ್ನೆ ಉಕ್ಕಿಸಿಬಿಡಿ, ಮೊಸರೂ ಅದರಲ್ಲೇ ಗಟ್ಟಿ ಬರೋದು.